ಹಳೆಯ ಆಕ್ಟೇವಿಯಾ ಕಾಂಬಿಗೆ ಕಳಚಿಡುವ ಟೋ ಬಾರ್: ಯಾವುದು ಕೊಳ್ಳಲಿ, ಯಾರಿಂದ ಕೂರಿಸಲಿ?

ಕಲ್ಯಾಣಪುರದವ:
ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿರುವುದು ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಕಾಂಬಿ, 1.9 ಡೀಸೆಲ್, ಕೆಎ 20 ನೋಂದಣಿ. ಡಿಕ್ಕಿ ದೊಡ್ಡದು, ನಿಜ. ಆದರೆ ನಾಲ್ವರು ಕುಳಿತ ಮೇಲೆ ಮಕ್ಕಳ ಸೈಕಲ್ ಎರಡು, ಅವರಮ್ಮನದೊಂದು, ಅದರ ಮೇಲೆ ಒಂದು ಕಯಾಕ್ ಎಂದರೆ ಯಾವ ಡಿಕ್ಕಿಗೂ ಕಷ್ಟ. ಕೋಡಿಬೆಂಗ್ರೆಯ ಹಿನ್ನೀರಿನಲ್ಲಿ ಹುಟ್ಟು ಹಾಕುವ ಹುಚ್ಚು ಮನೆಯವರೆಲ್ಲರಿಗೂ ಹಿಡಿದಿದೆ. ಹಾಗಾಗಿ ಕಾರಿನ ಹಿಂದೆ ಟೋ ಬಾರ್, ಎಂದರೆ ಟ್ರೈಲರ್ ಸಿಕ್ಕಿಸಲು ತುದಿಯಲ್ಲಿ ಚೆಂಡಿರುವ ಉಕ್ಕಿನ ತೊಲೆ, ಹಾಕಿಸುವ ಯೋಚನೆ. ಸಾಮಾನ್ಯವಾಗಿ ಅದಕ್ಕೆ ಸೈಕಲ್ ಕ್ಯಾರಿಯರ್ ಸಿಕ್ಕಿಸುವುದು, ಆಗೊಮ್ಮೆ ಈಗೊಮ್ಮೆ ಸಣ್ಣ ಟ್ರೈಲರ್ ಎಳೆಯುವುದು.

ಕಳಚಿಡಲು ಬರುವಂಥದ್ದೇ ಬೇಕು. ನಮ್ಮ ಅಂಗಳ ಇಕ್ಕಟ್ಟು. ಗೇಟು ಹಾಕಿದರೆ ಕಾರಿನ ಹಿಂದೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ. ಅಲ್ಲಿ ಕಬ್ಬಿಣದ ಚೆಂಡು ಚಾಚಿಕೊಂಡಿದ್ದರೆ ಮೊದಲು ಪೆಟ್ಟಾಗುವುದು ಅಮ್ಮನ ಮೊಣಕಾಲಿಗೆ.

ಮೂರು ದಾರಿ ಕಾಣುತ್ತಿವೆ. ಇಲ್ಲೇ ವರ್ಕ್‌ಶಾಪಿನಲ್ಲಿ ಮಾಡಿಸುವುದು. ಬ್ರಿಟನ್ನಿನಲ್ಲಿರುವ ಭಾವನಿಗೆ ಹೇಳಿ ಅಲ್ಲಿಯದನ್ನು ತರಿಸುವುದು. ಗಲ್ಫ್ ಕಡೆಯ ಚೌಕ ಕೊಳವೆಯದ್ದನ್ನು ಹಾಕಿಸುವುದು. ಅನುಭವವಿದ್ದವರು ಹೇಳಿ. ವೈರಿಂಗ್ ಮತ್ತು ಆರ್‌ಟಿಓ ವಿಷಯವೂ ಗೊತ್ತಾದರೆ ಒಳ್ಳೆಯದು.

ಹೆಜಮಾಡಿ ಕೋಡಿ:
ಇಷ್ಟೆಲ್ಲ ಯಾಕೆ ಮಾರಾಯರೇ? ಮಾಡಿನ ಮೇಲೆ ಎರಡು ಅಡ್ಡಪಟ್ಟಿ, ಅದರ ಮೇಲೆ ಕಯಾಕ್, ನಾಲ್ಕು ಹಗ್ಗ. ಸೈಕಲ್ ಅಲ್ಲೇ ಬಾಡಿಗೆಗೆ ಸಿಕ್ಕೀತು. ನಮ್ಮ ಕಡೆ ದೋಣಿಯನ್ನು ಹೆಗಲ ಮೇಲೆ ಹೊತ್ತು ಕಡಲಿಗೆ ಇಳಿಸಿದವರಿದ್ದಾರೆ.

ಬೈಕಂಪಾಡಿ ಲೇತ್:
ಕಲ್ಯಾಣಪುರದವರೇ, ನಾನು ಇದೇ ಕೆಲಸದವನು. ನೇರವಾಗಿ ಹೇಳಿಬಿಡುತ್ತೇನೆ. ಟೋ ಬಾರ್ ಎಂದು ಪೇಟೆಯಲ್ಲಿ ಮಾರುವ ಅರ್ಧಕ್ಕರ್ಧ ಸಾಮಾನು ಅಲಂಕಾರದ್ದು. ಬಂಪರಿನ ತಗಡಿಗೋ, ಸ್ಟೆಪ್ನಿ ಕೂರುವ ತೊಟ್ಟಿಗೋ ಎರಡು ಬೋಲ್ಟು ಹೊಡೆದು ಮೇಲೆ ಕ್ರೋಮಿನ ಚೆಂಡು ಇಟ್ಟಿರುತ್ತಾರೆ. ಅದಕ್ಕೆ ಸೈಕಲ್ ಕ್ಯಾರಿಯರ್ ಸಿಕ್ಕಿಸಿ ಪಡುಬಿದ್ರಿ ದಾಟುವಷ್ಟರಲ್ಲಿ ತೊಟ್ಟಿ ಬಾಯಿ ಬಿಡುತ್ತದೆ.

ಸರಿಯಾದ ಬಾರ್ ಹಿಡಿಯಬೇಕಾದದ್ದು ಕಾರಿನ ಎರಡೂ ಬದಿಗೆ ಉದ್ದಕ್ಕೆ ಹೋಗುವ ತೊಲೆಗಳನ್ನು. ನಿಮ್ಮ ಕಾರಿಗೆ ಬೇರೆ ಚಾಸಿ ಇಲ್ಲ, ಮೈಯೇ ಚಾಸಿ. ಆದರೂ ಹಿಂಭಾಗದಲ್ಲಿ ಪೆಟ್ಟಿಗೆಯಂಥ ತೊಲೆಗಳಿವೆ. ಯುರೋಪಿನವರು ಬಾರ್ ತಯಾರಿಸುವುದು ಆ ತೊಲೆಗಳಲ್ಲಿ ಕಾರ್ಖಾನೆಯೇ ಗೊತ್ತುಮಾಡಿದ ಜಾಗಗಳಿಗೆ ಹೊಂದುವಂತೆ. ನಾನು ಅಳತೆ ತೆಗೆದು ಅಡ್ಡತೊಲೆಯನ್ನು ಮಾಡಿಕೊಡಬಲ್ಲೆ. ಚೆಂಡನ್ನು ಹೊತ್ತ, ಕಳಚುವ ಕುತ್ತಿಗೆಯನ್ನು ಮಾತ್ರ ಮಾಡುವುದಿಲ್ಲ. ಆ ಕುತ್ತಿಗೆ ಕಾಯಿಸಿ ಬಡಿದು ರೂಪಕ್ಕೆ ತಂದ ಉಕ್ಕು, ಅದರ ಬೀಗದೊಳಗೆ ಸ್ಪ್ರಿಂಗು, ಗುಂಡು, ಓರೆ ಮೇಲ್ಮೈ ಎಲ್ಲ ಇವೆ. ವೆಲ್ಡಿಂಗ್ ಕಡ್ಡಿ ಹಿಡಿದವನೆಲ್ಲ ಮಾಡುವ ಕೆಲಸವಲ್ಲ ಅದು. ಮಾಡಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಕೈಮುಗಿದು ಹೊರಡಿ.

ಸ್ಟುಟ್‌ಗಾರ್ಟಿನ ಕುಂದಾಪುರಿಗ:
ಬೈಕಂಪಾಡಿಯವರ ಮಾತಿಗೆ ನನ್ನದೂ ಒಪ್ಪಿಗೆ. ಇಲ್ಲಿ ಕಾಂಬಿ ಮಾದರಿಯ ಕಾರೆಂದರೆ ಹಿಂದೆ ಟೋ ಬಾರ್ ಇರುವುದೇ ಸಾಮಾನ್ಯ. ತರಿಸುವುದಾದರೆ ಬ್ರಿಟನ್ನಿನದು ಸರಿಹೋಗುತ್ತದೆ. ಅಲ್ಲಿಯೂ ಇದೇ ಮೈಕಟ್ಟಿನ, ಬಲಗಡೆ ಸ್ಟೀರಿಂಗಿನ ಕಾಂಬಿ ಓಡಾಡಿದೆ. ವೆಸ್ಟ್‌ಫಾಲಿಯಾ, ಬ್ರಿಂಕ್, ವಿಟರ್ ಇವೆಲ್ಲ ಪರಿಚಿತ ಹೆಸರುಗಳು.

ಕಳಚುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಕುತ್ತಿಗೆಯನ್ನು ಹಿಂದಿನಿಂದ ಅಡ್ಡಕ್ಕೆ ತೂರಿಸುತ್ತೀರಿ. ಕಳಚಿದ ಮೇಲೂ ಅದರ ಗೂಡು ಬಂಪರಿನ ಕೆಳಗೆ ಇಣುಕುತ್ತಿರುತ್ತದೆ. ಇನ್ನೊಂದರಲ್ಲಿ ಕೆಳಗಿನಿಂದ ಮೇಲಕ್ಕೆ ತೂರಿಸುವುದು. ಕಳಚಿದರೆ ಏನೂ ಕಾಣದು, ಆದರೆ ಪ್ರತಿ ಸಲವೂ ನೆಲಕ್ಕೆ ಮಂಡಿಯೂರಬೇಕು. ಮಳೆಗಾಲದ ಕೆಸರಿನಲ್ಲಿ ಎರಡನೆಯದನ್ನು ನೆನೆಸಿಕೊಳ್ಳಿ. ನಾನಾದರೆ ಅಡ್ಡದ್ದನ್ನೇ ಕೊಳ್ಳುತ್ತಿದ್ದೆ. ಗುಂಡಿ ಒತ್ತಿದರೆ ತಾನೇ ಹೊರಬರುವ ವಿದ್ಯುತ್ ಚಾಲಿತ ಬಾರ್ ಸಹ ಇದೆ. ಹಳೆಯ ಕಾರಿಗೆ ಅದು ದುಂದು.

ಬಾರಿಗೆ ಅಂಟಿಸಿದ ತಗಡಿನ ಪಟ್ಟಿಯನ್ನು ಓದಿ. ಸುತ್ತಿನೊಳಗೆ ಇ ಅಕ್ಷರ, ಪಕ್ಕದಲ್ಲಿ ಒಂದು ಸಂಖ್ಯೆ ಇದ್ದರೆ ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 55ನೇ ನಿಯಮದಂತೆ ಪರೀಕ್ಷೆ ಆಗಿದೆ ಎಂದು ಅರ್ಥ. ಅದರಲ್ಲೇ ಡಿ ಮೌಲ್ಯ, ಎಸ್ ಮೌಲ್ಯ ಎಂದು ಎರಡು ಅಂಕಿ ಇರುತ್ತವೆ. ಡಿ ಎಂದರೆ ಕಾರಿಗೂ ಟ್ರೈಲರಿಗೂ ನಡುವೆ ಬಾರ್ ತಾಳಬಲ್ಲ ಎಳೆತದ ಬಲ. ಎಸ್ ಎಂದರೆ ಚೆಂಡಿನ ಮೇಲೆ ಕೆಳಮುಖವಾಗಿ ಎಷ್ಟು ಕಿಲೋ ಹೇರಬಹುದು ಎಂಬುದು. ಕಾರಿನ ಕೈಪಿಡಿಯಲ್ಲಿಯೂ ಬೇರೆ ಮಿತಿ ಇರುತ್ತದೆ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ.

ಇನ್ನೊಂದು. ಟ್ರೈಲರಿನ ಸುರಕ್ಷತಾ ಸರಪಳಿಯನ್ನು ಚೆಂಡಿನ ಕುತ್ತಿಗೆಗೆ ಸುತ್ತಬೇಡಿ. ಕುತ್ತಿಗೆಯೇ ಕಳಚಿಕೊಂಡರೆ ಸರಪಳಿಯೂ ಅದರ ಜೊತೆ ಹೋಗುತ್ತದೆ. ಅಡ್ಡತೊಲೆಗೆ ಬೆಸೆದ ಉಂಗುರವಿರುವ ಬಾರನ್ನೇ ಆರಿಸಿ.

ಮಣ್ಣಪಳ್ಳ:
ಡಿ ಮೌಲ್ಯವನ್ನು ಕಂಡು ಹೆದರಬೇಕಾಗಿಲ್ಲ. ಕಾರಿನ ಪೂರ್ಣ ಭಾರವನ್ನೂ ಟ್ರೈಲರಿನ ಪೂರ್ಣ ಭಾರವನ್ನೂ ಟನ್ನಿನಲ್ಲಿ ಬರೆದುಕೊಳ್ಳಿ. ಎರಡನ್ನೂ ಗುಣಿಸಿ, ಬಂದದ್ದನ್ನು ಅವೆರಡರ ಮೊತ್ತದಿಂದ ಭಾಗಿಸಿ, 9.81ರಿಂದ ಗುಣಿಸಿ. ಉತ್ತರ ಕಿಲೋನ್ಯೂಟನ್‌ನಲ್ಲಿ ಬರುತ್ತದೆ. ಕಾರು 1.85 ಟನ್ ಎಂದಿಟ್ಟುಕೊಂಡು 0.75 ಟನ್ನಿನ ಟ್ರೈಲರ್ ಕಟ್ಟಿದರೆ ಸುಮಾರು 5.2. ನಿಮ್ಮ ಕಯಾಕಿನ ಟ್ರೈಲರ್ ತುಂಬಿಸಿದರೂ 0.3 ಟನ್ ದಾಟಲಿಕ್ಕಿಲ್ಲ, ಆಗ 2.5 ಮಾತ್ರ. ಬಾರಿನ ಪಟ್ಟಿಯಲ್ಲಿ ಇದಕ್ಕಿಂತ ಹೆಚ್ಚಿನ ಅಂಕಿ ಇದ್ದರೆ ಸಾಕು. ಇಂಥ ಕಾರುಗಳ ಬಾರಿನಲ್ಲಿ ಧಾರಾಳವಾಗಿಯೇ ಇರುತ್ತದೆ.

ನಿಮ್ಮನ್ನು ಕಟ್ಟಿಹಾಕುವುದು ಡಿ ಅಲ್ಲ, ಎಸ್. ಅದು 75 ಕೆ.ಜಿ. ಎಂದಿಟ್ಟುಕೊಳ್ಳಿ. ಕ್ಯಾರಿಯರಿಗೇ 18 ಹೋಯಿತು. ತಲಾ 15ರ ಮೂರು ಸೈಕಲ್ ಎಂದರೆ ಒಟ್ಟು 63, ಸರಿ. ಬ್ಯಾಟರಿ ಸೈಕಲ್ ಆದರೆ ಒಂದೊಂದೂ 25ರ ಹತ್ತಿರ ಬರುತ್ತದೆ; ಎರಡಕ್ಕೆ 68, ಮೂರನೆಯದಕ್ಕೆ ಜಾಗವೇ ಇಲ್ಲ. ಅದರ ಮೇಲೆ, ಕ್ಯಾರಿಯರಿನ ಭಾರ ಬೀಳುವುದು ಚೆಂಡಿನ ನೇರಕ್ಕಲ್ಲ, ಅದಕ್ಕಿಂತ ಹಿಂದೆ. ಪ್ರತಿ ಹಂಪಿನಲ್ಲೂ ಅದು ಕುತ್ತಿಗೆಯನ್ನು ತಿರುಚುತ್ತದೆ. ಸಂತೆಕಟ್ಟೆಯ ರಸ್ತೆಯಲ್ಲಿ ಓಡಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪಣಂಬೂರು ಪೆಡಲ್:
ಸೈಕಲ್ ಕ್ಯಾರಿಯರ್ ಎಂದರೆ ಎಲ್ಲರೂ ಮರೆಯುವ ಸಂಗತಿಯೊಂದಿದೆ. ಅದು ಚೆಂಡನ್ನು ಕಚ್ಚಿ ಹಿಡಿದು ನಿಲ್ಲುತ್ತದೆ, ಕೇವಲ ಘರ್ಷಣೆಯ ಬಲದಿಂದ. ಚೆಂಡಿಗೆ ಗ್ರೀಸ್ ಇದ್ದರೆ ಇಡೀ ಕ್ಯಾರಿಯರ್ ಮೆಲ್ಲಗೆ ಒಂದು ಬದಿಗೆ ವಾಲುತ್ತದೆ. ಹಾಗಾಗಿ ಚೆಂಡು ಒಣಗಿರಬೇಕು, ಸ್ವಚ್ಛವಾಗಿರಬೇಕು. ಸಾಧಾರಣ ಟ್ರೈಲರಿನ ಕಪ್ಪಿಗೆ (ಚೆಂಡಿನ ಮೇಲೆ ಕೂರುವ ಬಟ್ಟಲಿಗೆ) ಮಾತ್ರ ಗ್ರೀಸ್ ಹಚ್ಚುವುದು. ಓಲಾಟ ತಡೆಯುವ ಪಟ್ಟಿಗಳಿರುವ ಕಪ್ಪು ಆದರೆ ಅಲ್ಲಿಯೂ ಗ್ರೀಸ್ ಕೂಡದು.

ಕಲ್ಯಾಣಪುರದವ:
ಇದು ಒಳ್ಳೆಯ ಪೇಚು! ಸೈಕಲಿಗೆ ಗ್ರೀಸ್ ಬೇಡ, ಟ್ರೈಲರಿಗೆ ಗ್ರೀಸ್ ಬೇಕು, ನಮ್ಮ ಉಪ್ಪು ಗಾಳಿಗೆ ಗ್ರೀಸಿಲ್ಲದ ಉಕ್ಕು ಒಂದೇ ಮಳೆಗಾಲದಲ್ಲಿ ಕೆಂಪಾಗುತ್ತದೆ. ತುಕ್ಕಿಗೆ ಏನು ಮಾಡುತ್ತೀರಿ?

ಬೈಕಂಪಾಡಿ ಲೇತ್:
ಕಳಚುವ ಬಾರಿನ ನಿಜವಾದ ಲಾಭ ಇದೇ. ಕುತ್ತಿಗೆ ಮನೆಯೊಳಗೆ, ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿರಲಿ. ಹಾಕಿ ಮರೆತುಬಿಡುವ ಜಾಯಮಾನದವರು ಕಳಚುವ ಬಾರಿಗೆ ಹೆಚ್ಚಿನ ಹಣ ಕೊಡುವುದು ವ್ಯರ್ಥ. ವರ್ಷಗಟ್ಟಲೆ ಕಾರಿನಲ್ಲೇ ಬಿಟ್ಟ ಕುತ್ತಿಗೆಯನ್ನು ಬಿಡಿಸಲು ನನ್ನಲ್ಲಿಗೆ ಸುತ್ತಿಗೆ ಸಮೇತ ಬಂದವರಿದ್ದಾರೆ. ಕಳಚಿದ ಕೂಡಲೇ ಗೂಡಿಗೆ ಅದರ ಪ್ಲಾಸ್ಟಿಕ್ ಬಿರಡೆ ಹಾಕಿ. ನಮ್ಮ ಹೆದ್ದಾರಿ 66ರಲ್ಲಿ ಮೀನಿನ ಲಾರಿಯ ಹಿಂದೆ ಹೋದವನ ಕಾರಿನ ಅಡಿಗೆ ಏನು ಎರಚುತ್ತದೆ ಎಂದು ಗೊತ್ತಲ್ಲ? ಮಂಜುಗಡ್ಡೆ ಕರಗಿದ ಉಪ್ಪುನೀರು. ಕಡಲ ಗಾಳಿಗಿಂತ ಅದೇ ದೊಡ್ಡ ಶತ್ರು.

ಕೂರಿಸುವಾಗ ಎರಡು ಕಡೆ ಜಾಣತನ ಬೇಕು. ತೊಲೆಗೂ ಬಾರಿಗೂ ತಾಗುವ ಜಾಗದಲ್ಲಿ ಕಪ್ಪು ಅಂಡರ್‌ಕೋಟ್ ದಪ್ಪಗೆ ಇರುತ್ತದೆ. ಅದನ್ನು ಪೂರ್ತಿ ಕೆರೆದು ತೆಗೆಯಬೇಕು. ಹಾಗೇ ಬಿಟ್ಟು ಬಿಗಿದರೆ ಆ ಪದರ ಕ್ರಮೇಣ ಅಮುಕಿಕೊಂಡು ಬೋಲ್ಟು ಸಡಿಲವಾಗುತ್ತದೆ. ಕೆರೆದಲ್ಲಿ ತುಕ್ಕು ತಡೆಯುವ ಪ್ರೈಮರ್ ತೆಳ್ಳಗೆ ಹಚ್ಚಿ, ಕೊರೆದ ತೂತಿನ ಅಂಚಿಗೂ ಹಚ್ಚಿ. ಎಲ್ಲ ಬಿಗಿದ ಮೇಲೆ ಹೊರಗಿನಿಂದ ಮೇಣ ಸಿಂಪಡಿಸಿ. ಟಾರ್ಕ್ ವ್ರೆಂಚಿನಿಂದಲೇ ಬಿಗಿಯಿರಿ, ಸಾವಿರ ಕಿಲೋಮೀಟರ್ ಆದ ಮೇಲೆ ಮತ್ತೆ ನೋಡಿ.

ಬೋಲ್ಟಿನ ವಿಷಯ ಕೇಳಿ. ಮಲ್ಪೆಯಲ್ಲಿ ದೋಣಿ ಸಾಮಾನಿನ ಅಂಗಡಿಗೆ ಹೋದರೆ ಹೊಳೆಯುವ ಸ್ಟೇನ್‌ಲೆಸ್ ಬೋಲ್ಟು ಸಿಗುತ್ತದೆ, ತುಕ್ಕು ಹಿಡಿಯದು ಎಂದು ಆಸೆಯಾಗುತ್ತದೆ. ಬೇಡ. ಸಾಧಾರಣ ಸ್ಟೇನ್‌ಲೆಸ್ ಬೋಲ್ಟಿಗೆ 10.9 ದರ್ಜೆಯ ಉಕ್ಕಿನ ಬಲವಿಲ್ಲ. ಬಾರಿನ ಜೊತೆಗೆ ಬಂದ ಬೋಲ್ಟುಗಳನ್ನೇ ಹಾಕಿ. ಅವುಗಳನ್ನು ಕಂಡಲ್ಲಿ ಕೊಟ್ಟು ಸತುವಿನ ನೀರು ಹೊಡೆಸಲೂ ಬೇಡಿ. ಆಸಿಡ್ಡಿನಲ್ಲಿ ತೊಳೆದಾಗ ಜಲಜನಕ ಒಳಸೇರಿ ಗಟ್ಟಿ ಉಕ್ಕು ಗಾಜಿನಂತೆ ಮುರಿಯುತ್ತದೆ.

ಅಲ್ ಐನ್‌ನ ಬಂಟ್ವಾಳದವ:
ಗಲ್ಫಿನ ಚೌಕ ಕೊಳವೆಯ ಬಗ್ಗೆ ಒಂದು ಮಾತು. ಇಲ್ಲಿ ದೊಡ್ಡ ಜೀಪುಗಳಿಗೆ ಅದೇ ಹಾಕುವುದು. ಗಟ್ಟಿ, ಸರಳ, ಪಿನ್ನು ತೆಗೆದರೆ ಚೆಂಡು ಕೈಗೆ ಬರುತ್ತದೆ. ಆದರೆ ಕಾಂಬಿಯಂಥ ತಗ್ಗಿನ ಕಾರಿಗೆ ಅದು ನೆಲಕ್ಕೆ ತಾಗುತ್ತದೆ, ಸಂದಿನಲ್ಲಿ ಸಡಿಲವಿದ್ದು ಕಟಕಟ ಸದ್ದೂ ಮಾಡುತ್ತದೆ. ಅಮೆರಿಕದ ಪದ್ಧತಿಯ ಚೆಂಡು 2 ಅಂಗುಲ, ಎಂದರೆ 50.8 ಮಿ.ಮೀ. ಯುರೋಪಿನದು 50. ಕಣ್ಣಿಗೆ ಒಂದೇ ಥರ. 50ರ ಕಪ್ಪು 50.8ರ ಮೇಲೆ ಪೂರ್ತಿ ಕೂರದು, 50.8ರ ಕಪ್ಪು 50ರ ಮೇಲೆ ಕುಣಿಯುತ್ತದೆ. ಟ್ರೈಲರಿನ ಮೂಗಿನ ಭಾರ, ಎಂದರೆ ಅದರ ಮುಂತುದಿ ಚೆಂಡಿನ ಮೇಲೆ ಹೇರುವ ಭಾರ, ಟ್ರೈಲರಿನ ಒಟ್ಟು ಭಾರದ ಶೇ. 10ರಿಂದ 15 ಇಟ್ಟರೆ ಓಲಾಡುವುದಿಲ್ಲ, ಅದನ್ನು ನೆನಪಿಡಿ.

ಸ್ಟುಟ್‌ಗಾರ್ಟಿನ ಕುಂದಾಪುರಿಗ:
ಬಂಟ್ವಾಳದಣ್ಣಾ, ಆ ಲೆಕ್ಕ ಅಮೆರಿಕದ ಭಾರೀ ಗಾಡಿಗಳಿಗೆ. ಇಲ್ಲಿಯ ಕಾರಿಗೆ 75 ಕಿಲೋ ಮಿತಿಯಿಟ್ಟು 700 ಕಿಲೋ ಟ್ರೈಲರಿಗೆ ಶೇ. 15 ಹೇರಿದರೆ 105 ಆಯಿತು! ಇಲ್ಲಿ ಶೇ. 5ರಿಂದ 7ರ ಸುತ್ತ ಇಡುತ್ತಾರೆ. ಮೂಗು ತೀರಾ ಹಗುರವಾದರೆ ಹಿಂದಿನಿಂದ ಓಲಾಟ ಶುರುವಾಗುತ್ತದೆ ಎಂಬ ಮಾತು ಮಾತ್ರ ಎರಡೂ ಕಡೆ ಸತ್ಯ. ಚೆಂಡಿನ ನಡು ಭಾರ ತುಂಬಿದ ಕಾರಿನಲ್ಲಿ ನೆಲದಿಂದ 350ರಿಂದ 420 ಮಿ.ಮೀ. ಎತ್ತರದಲ್ಲಿರಬೇಕು. ಹಳೆಯ ಕಾರಿನ ಸ್ಪ್ರಿಂಗ್ ಕುಸಿದಿದ್ದರೆ ಅದನ್ನು ಮೊದಲು ಬದಲಿಸಿ. ಹಳೆಯ ಬಾರ್ ಕೊಳ್ಳುವುದಾದರೆ ಕ್ಯಾಲಿಪರ್ ಹಿಡಿದು ನೋಡಿ: ಚೆಂಡು ಯಾವ ಕಡೆಯಲ್ಲಾದರೂ 49ಕ್ಕೆ ಸವೆದಿದ್ದರೆ ಗುಜರಿಗೆ.

ಪಡೀಲ್ ಎಲೆಕ್ಟ್ರಿಶಿಯನ್:
ವೈರಿಂಗ್ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಏಳು ಪಿನ್ನಿನ ಸಾಕೆಟ್ ಸಾಕು. ಒಂದನೆಯದು ಎಡ ಇಂಡಿಕೇಟರ್, ಎರಡು ಹಿಂದಿನ ಮಂಜು ದೀಪ, ಮೂರು ಅರ್ತ್, ನಾಲ್ಕು ಬಲ ಇಂಡಿಕೇಟರ್, ಐದು ಬಲ ಟೈಲ್, ಆರು ಬ್ರೇಕ್, ಏಳು ಎಡ ಟೈಲ್. ಹದಿಮೂರು ಪಿನ್ನು ಬೇಕಾಗುವುದು ಟ್ರೈಲರಿನಲ್ಲಿ ಫ್ರಿಜ್ಜು, ರಿವರ್ಸ್ ದೀಪ ಇದ್ದವರಿಗೆ.

ಕಾರಿನ ದೀಪದ ತಂತಿಯನ್ನು ಸುಲಿದು ಟೇಪು ಸುತ್ತಬೇಡಿ. ನಡುವೆ ಬೈಪಾಸ್ ರಿಲೇ ಹಾಕಿ, ಬ್ಯಾಟರಿಯಿಂದ ಫ್ಯೂಸ್ ಸಮೇತ ನೇರ ತಂತಿ ಎಳೆಯಿರಿ. ಆಗ ಟ್ರೈಲರಿನ ಬಲ್ಬಿನ ಹೊರೆ ಕಾರಿನ ಸ್ವಿಚ್ಚಿನ ಮೇಲೆ ಬೀಳುವುದಿಲ್ಲ. ಹೊಸ ಕಾರುಗಳಲ್ಲಿ ಕಂಪ್ಯೂಟರ್ ಬಲ್ಬುಗಳನ್ನು ಎಣಿಸುತ್ತಿರುತ್ತದೆ, ಅಲ್ಲಿ ಆ ಕಾರಿನದೇ ಹಾರ್ನೆಸ್ (ತಂತಿಗಳ ಕಟ್ಟು) ಬೇಕು. ಸಾಕೆಟ್ಟಿನೊಳಗೆ ಹಸಿರು ಕಿಲುಬು ಹಿಡಿಯುವುದು ನಮ್ಮೂರಿನ ರೋಗ. ಸಂಪರ್ಕದ ಗ್ರೀಸ್ ತುಂಬಿ, ಮುಚ್ಚಳವನ್ನು ಮುಚ್ಚಿಯೇ ಇಡಿ. ಅರ್ತ್ ಸರಿಯಿಲ್ಲದಿದ್ದರೆ ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಿಣುಕುತ್ತದೆ, ಆಗ ಬಲ್ಬು ಬದಲಿಸುತ್ತ ಕೂರಬೇಡಿ.

ಕೊಟ್ಟಾರದ ವಕೀಲ:
ಕಬ್ಬಿಣದ ಮಾತು ಸಾಕಷ್ಟಾಯಿತು, ಕಾನೂನಿನದೂ ಕೇಳಿ.

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ಆರ್‌ಸಿಯ ವಿವರ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನಲ್ಲಿ ನಿಯಮಬಾಹಿರ ಮಾರ್ಪಾಡಿಗೆ ಒಂದೊಂದಕ್ಕೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಇವೆ. ಆದ್ದರಿಂದ ಬಾರ್ ತರಿಸುವ ಮೊದಲೇ ಅದರ ಪಟ್ಟಿಯ ಚಿತ್ರ, ಕಾರಿನ ಕೈಪಿಡಿಯ ಎಳೆಯುವ ಮಿತಿಯ ಪುಟ ಇವೆರಡನ್ನೂ ಲಗತ್ತಿಸಿ ಉಡುಪಿ ಆರ್‌ಟಿಓಗೆ ಲಿಖಿತವಾಗಿ ಕೇಳಿ. ವಿಮಾ ಕಂಪನಿಗೂ ಪತ್ರ ಹಾಕಿ. ಬಾಯಿಮಾತಿನ ಒಪ್ಪಿಗೆಗೆ ಬೆಲೆಯಿಲ್ಲ.

ಈಗ ಸ್ವಾರಸ್ಯ ನೋಡಿ. ಟ್ರೈಲರ್ ಕಷ್ಟ, ಸೈಕಲ್ ಕ್ಯಾರಿಯರ್ ಸುಲಭ ಎಂದು ನೀವೆಲ್ಲ ಭಾವಿಸಿದ್ದೀರಿ. ಕಾನೂನಿನಲ್ಲಿ ತಿರುಗಾಮುರುಗ. ಕಾಯಿದೆಯ ವ್ಯಾಖ್ಯೆಯಲ್ಲಿ ‘ಮೋಟಾರು ವಾಹನ’ ಎಂದರೆ ಟ್ರೈಲರೂ ಸೇರಿತು. ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು. 61ನೇ ಕಲಮಿನಂತೆ ಅದರ ಸಂಖ್ಯೆ ಅದರ ಬದಿಯಲ್ಲಿ, ಎಳೆಯುವ ಕಾರಿನ ಸಂಖ್ಯೆ ಅದರ ಹಿಂದೆ ಇರಬೇಕು. ಎಂದರೆ ಕಾರಿನ ನಂಬರ್ ಪ್ಲೇಟ್ ಮರೆಯಾಗುವುದನ್ನು ಕಾನೂನೇ ಊಹಿಸಿ ದಾರಿ ಮಾಡಿಕೊಟ್ಟಿದೆ. ಸೈಕಲ್ ಕ್ಯಾರಿಯರಿಗೆ ಆ ಅನುಕೂಲವಿಲ್ಲ. ಮೂರು ಸೈಕಲ್ ನಿಲ್ಲಿಸಿದರೆ ಪ್ಲೇಟು, ದೀಪ ಎರಡೂ ಮುಚ್ಚುತ್ತವೆ. ಯುರೋಪಿನಲ್ಲಾದರೆ ಇನ್ನೊಂದು ಪ್ಲೇಟು ಮಾಡಿಸಿ ಕ್ಯಾರಿಯರಿಗೆ ಹಾಕುತ್ತಾರೆ. ನಮ್ಮಲ್ಲಿ ಅತಿ ಸುರಕ್ಷಿತ ನೋಂದಣಿ ಫಲಕ ಬಂದ ಮೇಲೆ ಮುಂದೊಂದು, ಹಿಂದೊಂದು, ಗಾಜಿಗೊಂದು ಸ್ಟಿಕ್ಕರ್, ಅಷ್ಟೇ ಲೆಕ್ಕ. ರಸ್ತೆಬದಿಯಲ್ಲಿ ಬರೆಸಿದ ಪ್ಲೇಟು ಅದಕ್ಕೆ ಬದಲಿಯಲ್ಲ.

ಹೆಜಮಾಡಿ ಕೋಡಿ:
ಅದಕ್ಕೇ ಮೊದಲೇ ಹೇಳಿದ್ದು, ಮಾಡಿನ ಮೇಲೆ ಹೇರಿ ಎಂದು. ಮಾಡಿನ ಮೇಲಿಟ್ಟರೆ ಪ್ಲೇಟು ಮುಚ್ಚುವುದಿಲ್ಲ.

ಮಣ್ಣಪಳ್ಳ:
ಪ್ಲೇಟು ಮುಚ್ಚದಿದ್ದರೂ ಮಿತಿ ಇದೆ ಅಣ್ಣಾ, ಕೈಪಿಡಿಯಲ್ಲಿ ಮಾಡಿನ ಭಾರವೂ ಬರೆದಿರುತ್ತದೆ, ಅಡ್ಡಪಟ್ಟಿಯ ತೂಕವೂ ಸೇರಿ. ನನ್ನ ಎತ್ತರಕ್ಕೆ 25 ಕಿಲೋ ಕಯಾಕನ್ನು ಒಬ್ಬಳೇ ಕಾರಿನ ತಲೆಯ ಮೇಲೆ ಎತ್ತಿಡುವುದೂ ಆಗದು. ಮನೆಯ ಹೆಂಗಸರು, ಮಕ್ಕಳು ತಾವೇ ಹೊರಡಬೇಕಾದರೆ ಸೊಂಟದ ಎತ್ತರದ ಟ್ರೈಲರೇ ಮೇಲು.

ಕಲ್ಯಾಣಪುರದವ:
ವಕೀಲರ ಮಾತು ಲೆಕ್ಕವನ್ನೇ ತಲೆಕೆಳಗು ಮಾಡಿತು. ಹಾಗಾದರೆ ಕ್ಯಾರಿಯರ್ ಕೈಬಿಟ್ಟೆ. ಆರ್‌ಟಿಓ ಉತ್ತರ ಬಂದ ಮೇಲೆ ಅಡ್ಡ ತೂರಿಸುವ ಬಾರ್, ಜೊತೆಗೆ ಒಂದು ಸಣ್ಣ ಟ್ರೈಲರ್. ಕಯಾಕ್ ಮೇಲೆ, ಸೈಕಲ್ ಅದರ ಅಕ್ಕಪಕ್ಕ. ಗ್ರೀಸಿನ ಪೇಚೂ ಬಗೆಹರಿಯಿತು. ಚೆಂಡಿಗೆ ಧಾರಾಳವಾಗಿ ಹಚ್ಚಬಹುದು. ಟ್ರೈಲರನ್ನು ಬೈಕಂಪಾಡಿಯಲ್ಲೇ ಮಾಡಿಸಬಹುದೇ?

ಬೈಕಂಪಾಡಿ ಲೇತ್:
ಮಾಡುವುದು ಕಷ್ಟವಲ್ಲ, ನೋಂದಣಿ ಕಷ್ಟ. ಮಾದರಿ ಅನುಮೋದನೆ ಪಡೆದ ತಯಾರಕರಿಂದಲೇ ಕೊಳ್ಳಿ. ಕೊಳ್ಳುವಾಗ ಚೌಕಟ್ಟು ಬಿಸಿ ಸತುವಿನಲ್ಲಿ ಅದ್ದಿದ್ದೇ ಎಂದು ಕೇಳಿ, ಬಣ್ಣ ಬಳಿದದ್ದು ಬೇಡ. ಎಳೆಯುವ ತೋಳು ಉದ್ದವಿರಲಿ. ಗಿಡ್ಡ ಟ್ರೈಲರ್ ರಿವರ್ಸಿನಲ್ಲಿ ಕ್ಷಣದಲ್ಲಿ ಮಡಚಿಕೊಳ್ಳುತ್ತದೆ, ಅದರಲ್ಲೂ ದೋಣಿ ಇಳಿಸುವ ಇಳಿಜಾರಿನಲ್ಲಿ.

ಕಲ್ಯಾಣಪುರದವ:
ಸರಿ. ಇನ್ನುಳಿದದ್ದು ಟ್ರೈಲರ್ ಎಲ್ಲಿ ನಿಲ್ಲಿಸುವುದು ಎಂಬುದು. ಅಂಗಳದ ಕಥೆ ಮೊದಲೇ ಹೇಳಿದೆನಲ್ಲ.

ಪಣಂಬೂರು ಪೆಡಲ್:
ನಮ್ಮ ಮನೆಯ ಹಿತ್ತಿಲಲ್ಲಿ ತೆಂಗಿನಕಾಯಿ ಹಾಕುವ ಶೆಡ್ ಖಾಲಿ ಇದೆ, ಮೇಲೆ ತಗಡಿನ ಮಾಡು. ನನಗೂ ಸೈಕಲ್ ಸಾಗಿಸಲು ಟ್ರೈಲರ್ ಬೇಕು, ನನ್ನ ಗಾಡಿಗೂ 50ರ ಚೆಂಡಿದೆ. ಅರ್ಧ ಹಣ ನನ್ನದು, ಜಾಗ ನನ್ನದು. ಒಪ್ಪಿಗೆಯೇ?

ಕೊಟ್ಟಾರದ ವಕೀಲ:
ಒಪ್ಪುವ ಮೊದಲು ಆರ್‌ಸಿ ಯಾರ ಹೆಸರಲ್ಲಿ ಎಂದು ಬರೆದುಕೊಳ್ಳಿ. ಎಳೆಯುವ ಕಾರು ಬದಲಾದಾಗಲೆಲ್ಲ ಟ್ರೈಲರಿನ ಹಿಂದಿನ ಸಂಖ್ಯೆಯನ್ನೂ ಬದಲಿಸಬೇಕು. ಎರಡೂ ಕಾರಿನ ವಿಮೆಯಲ್ಲಿ ಟ್ರೈಲರನ್ನು ನಮೂದಿಸಿ.

ಕಲ್ಯಾಣಪುರದವ:
ಒಪ್ಪಿಗೆ. ಪೆಡಲಣ್ಣಾ, ಭಾನುವಾರ ಶೆಡ್ಡಿನ ಅಳತೆಗೆ ಬರುತ್ತೇನೆ. ಆರ್‌ಟಿಓ ಅರ್ಜಿ ನಾಳೆಯೇ ಕೊಡುತ್ತೇನೆ, ಭಾವನಿಗೆ ಬಾರಿನ ಪಟ್ಟಿಯ ಚಿತ್ರ ಕಳುಹಿಸಲು ಹೇಳಿದ್ದಾಯಿತು.

ಬೈಕಂಪಾಡಿ ಲೇತ್:
ಬಾರ್ ಬಂದ ಮೇಲೆ ಪೆಟ್ಟಿಗೆ ಒಡೆಯದೆ ತನ್ನಿ. ಒಳಗಿನ ಕಾಗದದಲ್ಲಿ ಬಂಪರ್ ಕತ್ತರಿಸುವ ನಕ್ಷೆ ಇರುತ್ತದೆ. ಅದು ಹರಿದರೆ ಬಂಪರನ್ನು ಅಂದಾಜಿನಲ್ಲಿ ಕೊಯ್ಯಬೇಕಾಗುತ್ತದೆ.